ಮೂರನೇ ಚರಣ

ಜನವರಿ 12

ಪ್ರೀತಿಯ ಚೂಟಿ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿಯೂ ನೀನು ಇದನ್ನು ಒಡೆದಿದ್ದರೆ ಅರ್ಧ ಜಗಳ ಮುಗಿದಂತೆ. ಅಮ್ಮ ಹೋದ ಮೇಲೆ ನಾವಿಬ್ಬರೂ ಒಬ್ಬರಿಗೊಬ್ಬರು ಒಂದು ಸಾಲೂ ಬರೆದಿಲ್ಲ. ಫೋನ್ ಮಾಡೋಣವೆಂದರೆ, ಡಾಕ್ಟರು ಗಂಟಲಿಗೆ ವಿಶ್ರಾಂತಿ ಕೊಡಲು ಹೇಳಿದ್ದಾರೆ. ಹಾಡಬಹುದಂತೆ, ಮಾತಾಡಬಾರದಂತೆ. ನಿನ್ನ ಅಕ್ಕನ ಬಾಯಿಗೆ ಬೀಗ! ಚಿಕ್ಕಂದಿನಲ್ಲಿ ನಾನು ಗುನುಗುವಾಗಲೆಲ್ಲ ದಿಂಬನ್ನು ಕಿವಿಗೆ ಒತ್ತಿಕೊಂಡು ನೀನು ಬೇಡಿಕೊಂಡದ್ದು ಇಷ್ಟು ತಡವಾಗಿ ಫಲಿಸಿದೆ.

ಒಂದು ಸುದ್ದಿ ಹೇಳಲೇಬೇಕು. ಕಳೆದ ತಿಂಗಳು ನೆಲಮಾಳಿಗೆಯ ಕ್ಲಬ್ಬಿನಲ್ಲಿ ಹಾಡಿದೆ. ನೀನೂ ಒಮ್ಮೆ ಬಂದಿದ್ದೆಯಲ್ಲ, ಮೆಟ್ಟಿಲು ಇಳಿಯುವಾಗ ಎತ್ತರದವರ ತಲೆ ತೊಲೆಗೆ ಬಡಿಯುವ ಜಾಗ. ಕೊನೆಗೆ ಎಂದಿನಂತೆ ‘ಬೀದಿಯ ದೀಪ ಆರಿಸಬೇಡಿ’. ನನ್ನ ಮೊದಲ ರೆಕಾರ್ಡಿನ ಹಾಡು, ಮೂವತ್ತು ವರ್ಷದಿಂದ ಜನ ಅದನ್ನು ಹಾಡಿಸದೆ ನನ್ನನ್ನು ಕೆಳಗಿಳಿಯಲು ಬಿಟ್ಟಿಲ್ಲ. ಎರಡನೇ ಚರಣಕ್ಕೆ ಬಂದೆ. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದಂತಾಯಿತು. ಮಾತೇ ಇಲ್ಲ! ಏನು ಮಾಡಲಿ? ಬಾಯಿಗೆ ಬಂದ ಸದ್ದು ಹಿಡಿದು ದೂ ಬ ದೂ ಬ, ದ ಬಿ ದಾ ಎಂದು ಹೊರಟೆ. ಹಾಗೆ ಮಾತು ಬಿಟ್ಟು ಬರೀ ಸದ್ದಿನಲ್ಲಿ ಹಾಡನ್ನು ಕಟ್ಟುವುದು ಜಾಜ್‌ನಲ್ಲಿ ದೊಡ್ಡ ವಿದ್ಯೆ, ಸ್ಕ್ಯಾಟ್ ಎನ್ನುತ್ತೇವೆ. ಡ್ರಮ್ಮಿನವನು ಕಣ್ಣರಳಿಸಿದ, ಪಿಯಾನೋದ ಮುದುಕ ನನ್ನ ಹಿಂದೆಯೇ ಓಡಿ ಬಂದ. ಮುಗಿದಾಗ ಇಡೀ ಸಭೆ ಎದ್ದು ನಿಂತಿತು. ಎತ್ತರದ ಗಂಡಸೊಬ್ಬ ಎದ್ದ ರಭಸಕ್ಕೆ ತಲೆ ತೊಲೆಗೆ ಬಡಿದು ಮತ್ತೆ ಕುಳಿತ. ಸಭೆಯಲ್ಲಿದ್ದ ರೆಕಾರ್ಡ್ ಕಂಪನಿಯ ಯಜಮಾನರು ಬಂದು, “ನೀವು ಈಗ ಹಾಡೋದೇ ನಿಜವಾದ ಹಾಡು. ಇದನ್ನ ಹೀಗೇ ಹಿಡಿದಿಡಬೇಕು,” ಅಂದರು. ಹೊಸ ರೆಕಾರ್ಡ್ ಮಾಡುತ್ತಾರಂತೆ. ಈ ವಯಸ್ಸಿನಲ್ಲಿ!

ನಿನ್ನ ಕನ್ನಡಕದ ಅಂಗಡಿ ಹೇಗಿದೆ? ಬೋರ್ಡಿನ ಅಕ್ಷರ ಓದಿಸುವಾಗ ಈಗಲೂ ಗಿರಾಕಿಗಳನ್ನು ಬೈಯುತ್ತೀಯಾ?

ಹಾಂ, ಸುಮ್ಮನೆ ಒಂದು ಮಾತು ಕೇಳುತ್ತೇನೆ. ಅಮ್ಮ ಎಲ್ಲಕ್ಕಿಂತ ಮೊದಲು ಮರೆತದ್ದು ಏನು?

ನಿನ್ನ,
ಅಕ್ಕ


ಫೆಬ್ರವರಿ 5

ಅಕ್ಕ,

ಒಡೆದೆ. ಕಸದ ಬುಟ್ಟಿ ದೂರವಿತ್ತು.

ಹಾಡಬಹುದು, ಮಾತಾಡಬಾರದು ಎನ್ನುವ ಡಾಕ್ಟರು ಎಲ್ಲಿ ಓದಿದವರೋ ವಿಚಾರಿಸು. ಅಂಗಡಿ ಚೆನ್ನಾಗಿದೆ. ಬೈಯುವುದೂ ಇದೆ. ಕಣ್ಣು ಕಾಣದಿದ್ದರೂ ಸರದಿಯಲ್ಲಿ ಕೂತು ಮುಂದಿನವರು ಓದಿದ್ದನ್ನು ಬಾಯಿಪಾಠ ಮಾಡಿ ಒಪ್ಪಿಸುವವರು ಇದ್ದಾರೆ. ಯಾರಿಗೆ ಮೋಸ ಮಾಡುತ್ತಾರೋ ದೇವರಿಗೇ ಗೊತ್ತು. ಅವರಿಗಾಗಿ ಇನ್ನೊಂದು ಬೋರ್ಡು ಇಟ್ಟಿದ್ದೇನೆ.

ಅಮ್ಮನ ವಿಷಯ ಕಾಫಿ ಕುಡಿಯುತ್ತಾ ಕೇಳುವಂತೆ ಕೇಳಿದ್ದೀಯ. ಆಗಲೇ ಕೇಳಬಹುದಿತ್ತು. ಆಗ ನೀನು ಊರೂರು ತಿರುಗಿ ಹಾಡುತ್ತಿದ್ದೆ. ಅಮ್ಮ ಬೀದಿಗೆ ಹೊರಡದಿರಲಿ ಎಂದು ನಾನು ಅವಳ ಚಪ್ಪಲಿ ಬಚ್ಚಿಡುತ್ತಿದ್ದೆ. ಬಿಡು. ಬೂದಿ ಕೆದಕಿ ಕಣ್ಣಿಗೆ ಹಾಕಿಕೊಳ್ಳುವುದು ಬೇಡ. ಕೇಳಿದ್ದೀಯ, ಹೇಳುತ್ತೇನೆ.

ಅಮ್ಮ ಮೊದಲು ಮರೆಯಲಿಲ್ಲ. ಮೊದಲು ತಮಾಷೆ ಮಾಡಲು ಕಲಿತಳು. ಕತ್ತರಿ ಬೇಕಾದರೆ, “ಆ ಕಚಕ್ ಕಚಕ್ ಕೊಡೇ,” ಎಂದು ಎರಡು ಬೆರಳು ಆಡಿಸುವಳು. ಗಡಿಯಾರ ‘ಟಿಕ್ಕಪ್ಪ’ ಆಯಿತು. ನಾವು ಹೊಟ್ಟೆ ಹಿಡಿದು ನಕ್ಕೆವು. “ವಯಸ್ಸಾಗ್ತಾ ನಿಮ್ಮಮ್ಮ ಎಷ್ಟು ಮಜವಾಗಿದ್ದಾರಲ್ಲ!” ಎಂದರು ಪಕ್ಕದ ಮನೆಯವರು. ಹೀಗೆ ಒಂದು ವರ್ಷ ನಕ್ಕ ಮೇಲೆ ತಿಳಿಯಿತು, ಕತ್ತರಿ ಎಂಬ ಮಾತೇ ಅವಳಲ್ಲಿ ಇಲ್ಲ. ಸದ್ದು ಮಾತ್ರ ಉಳಿದಿತ್ತು. ನಾನು ನಗುವಾಗ ಅವಳು ನನ್ನ ಮುಖವನ್ನು ಒಂದು ಥರ ನೋಡುತ್ತಿದ್ದಳು. ಖುಷಿಯಿಂದ ನೋಡುತ್ತಾಳೆ ಎಂದುಕೊಂಡಿದ್ದೆ. ಸಿಕ್ಕಿಬಿದ್ದೆನೋ ಇಲ್ಲವೋ ಎಂದು ನೋಡುತ್ತಿದ್ದಳು.

ಅಮ್ಮನನ್ನು ಹಾಡು ಮಾಡಿ ವೇದಿಕೆ ಹತ್ತಿಸುವ ಯೋಚನೆಯಿದ್ದರೆ ನನ್ನನ್ನು ಕೇಳಿ ಮಾಡು. ನನ್ನ ಉತ್ತರ ಈಗಲೇ ಹೇಳುತ್ತೇನೆ: ಬೇಡ.

ಚೂಟಿ


ಮಾರ್ಚ್ 8

ಪ್ರೀತಿಯ ಚೂಟಿ,

ಅಯ್ಯೋ, ಅಮ್ಮನನ್ನು ಹಾಡು ಮಾಡುವ ಯೋಚನೆ ಖಂಡಿತ ಇಲ್ಲ. ಸುಮ್ಮನೆ ಕೇಳಿದೆ ಅಷ್ಟೆ. ಆದರೆ ನಿನ್ನ ಪತ್ರ ಓದಿದ ಕೂಡಲೇ ಎದ್ದು ಹೋಗಿ ಕತ್ತರಿ ಹುಡುಕಿ ತಂದು ಮೇಜಿನ ಮೇಲೆ ಇಟ್ಟುಕೊಂಡೆ. “ಕತ್ತರಿ,” ಎಂದು ಜೋರಾಗಿ ಹೇಳಿದೆ. ಬಂತು. ಮನೆಯಲ್ಲಿ ಒಬ್ಬಳೇ ಇದ್ದು ಇಂಥ ಹುಚ್ಚಾಟ ಆಡುತ್ತೇನೆ ಎಂದು ನಗಬೇಡ.

ಪಾಠ ನಡೆಯುತ್ತಿದೆ. ಕೆಳಗೆ ಚಪ್ಪಲಿ ಅಂಗಡಿಯವನು ಕಾಲು ಅಳೆಯುತ್ತಾನೆ, ಮೇಲಿನ ಕೋಣೆಯಲ್ಲಿ ನಾನು ತಾಳ ಅಳೆಯುತ್ತೇನೆ. ಏಳು ಜನ ಕಲಿಯುತ್ತಾರೆ. ಅವರಲ್ಲಿ ಪೀಪಿ ಎಂದು ನಾನು ಕರೆಯುವ ಹುಡುಗಿಯೊಬ್ಬಳಿದ್ದಾಳೆ, ಊದಿದರೆ ಬೀದಿಯ ಆ ತುದಿಗೆ ಕೇಳುವ ದನಿ. ನನ್ನ ಹಳೆಯ ಕಟ್ಟಳೆ ನಿನಗೆ ಗೊತ್ತಲ್ಲ: ಹಾಡುವ ಮೊದಲು ಹಾಡಿನ ಮಾತನ್ನು ಎದುರಿಗಿರುವವರಿಗೆ ಹೇಳಿದಂತೆ ಹೇಳಬೇಕು, ಅರ್ಥ ಬಾಯಲ್ಲಿ ಕೂತ ಮೇಲೆ ರಾಗ. ಈಗ ಆ ಕಟ್ಟಳೆ ತೆಗೆದುಹಾಕಿದೆ. ಮಾತು ಬೇಡ, ನೇರ ರಾಗಕ್ಕೆ ಇಳಿಯಿರಿ ಎಂದಿದ್ದೇನೆ. ಮಕ್ಕಳಿಗೆ ಸಂಭ್ರಮವೋ ಸಂಭ್ರಮ.

ರೆಕಾರ್ಡಿಂಗ್ ಜೂನ್ ತಿಂಗಳಲ್ಲಿ. ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು ಒಂದೇ ಸಲಕ್ಕೆ ಹಾಡಬೇಕಂತೆ, ಆಮೇಲೆ ತೇಪೆ ಹಾಕುವ ಮಾತಿಲ್ಲ. ಯಜಮಾನರಿಗೆ ಹಳೆಯ ಕಾಲದ ಹುಚ್ಚು.

ಒಂದು ಸುದ್ದಿ ಹೇಳಲೇಬೇಕು. ನೆಲಮಾಳಿಗೆಯ ಕ್ಲಬ್ಬಿನಲ್ಲಿ ಹಾಡಿದೆ. ನೀನೂ ಒಮ್ಮೆ ಬಂದಿದ್ದೆಯಲ್ಲ, ಮೆಟ್ಟಿಲು ಇಳಿಯುವಾಗ ಎತ್ತರದವರ ತಲೆ ತೊಲೆಗೆ ಬಡಿಯುವ ಜಾಗ. ಎರಡನೇ ಚರಣಕ್ಕೆ ಬಂದೆ, ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದಂತಾಯಿತು. ಮಾತೇ ಇಲ್ಲ! ದೂ ಬ ದೂ ಬ ಎಂದು ಹೊರಟೆ ನೋಡು, ಡ್ರಮ್ಮಿನವನು ಕಣ್ಣರಳಿಸಿದ. ಮುಗಿದಾಗ ಇಡೀ ಸಭೆ ಎದ್ದು ನಿಂತಿತು. ಎತ್ತರದ ಗಂಡಸೊಬ್ಬ ಎದ್ದ ರಭಸಕ್ಕೆ ತಲೆ ತೊಲೆಗೆ ಬಡಿದು ಮತ್ತೆ ಕುಳಿತ. ನೀನು ಇರಬೇಕಿತ್ತು, ಬಿದ್ದು ಬಿದ್ದು ನಗುತ್ತಿದ್ದೆ.

ನಿನ್ನ,
ಅಕ್ಕ


ಮಾರ್ಚ್ 25

ಅಕ್ಕ,

ಇದನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಗಿರಾಕಿಗಳ ಮೇಲೆ ರೇಗಾಡಿದೆ. ಒಬ್ಬರಿಗೆ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಹಾಕಿ ಕೊಟ್ಟೆನಂತೆ, ವಾಪಸ್ ತಂದರು.

ಎತ್ತರದ ಗಂಡಸಿನ ಕಥೆಯನ್ನು ನೀನು ಜನವರಿಯಲ್ಲೇ ಬರೆದಿದ್ದೆ. ನೆನಪಿಸಲು ಮತ್ತೆ ಹೇಳಿದಂತೆ ಬರೆದಿಲ್ಲ. ಹೊಸ ಸುದ್ದಿಯಂತೆ ಬರೆದಿದ್ದೀಯ. ಮಾತು ಕೂಡ ಅವೇ, ಹಲ್ಲು, ನಾಲಿಗೆ, ತೊಲೆ.

ಎಲ್ಲರೂ ಒಂದು ಕಥೆಯನ್ನು ಎರಡು ಸಲ ಹೇಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೆ ನಿನ್ನ ಪ್ರಶ್ನೆ ನೆನಪಾಯಿತು. ಸುಮ್ಮನೆ ಕೇಳುವ ಪ್ರಶ್ನೆ ಅದಲ್ಲ. ಅಕ್ಕ, ನೀನು ಹಾಡುವ ಆ ದೂ ಬ ದೂ ಬ ಏನು? ವಿದ್ಯೆಯೋ, ಕಚಕ್ ಕಚಕ್ಕೋ?

ಕೋಪಕ್ಕೆ ಬರೆಯುತ್ತಿಲ್ಲ. ನನಗೆ ಸುಳ್ಳು ಹೇಳಬೇಡ.

ಚೂಟಿ


ಏಪ್ರಿಲ್ 19

ಪ್ರೀತಿಯ ಚಿಕ್ಕಮ್ಮ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ನಾನು ನಿಮ್ಮ ಅಕ್ಕನವರ ಹತ್ತಿರ ಹಾಡು ಕಲಿಯುವವಳು, ಅವರು ಪೀಪಿ ಎಂದು ಕರೆಯುತ್ತಾರೆ. ನಿಮ್ಮನ್ನು ಅವರು ಮಾತು ಮಾತಿಗೂ ನೆನೆಯುವುದರಿಂದ ಚಿಕ್ಕಮ್ಮ ಎಂದು ಬರೆದೆ, ತಪ್ಪಾಗಿದ್ದರೆ ಕ್ಷಮಿಸಿ.

ಬರೆಯಲು ಕಾರಣ ರೆಕಾರ್ಡಿಂಗ್. ಜೂನ್ ಹದಿಮೂರಕ್ಕೆ ಗೊತ್ತಾಗಿದೆ. ಮೇಡಂ ನಿಮ್ಮನ್ನು ಕರೆಯಬೇಕೆಂದು ನಾಲ್ಕಾರು ಸಲ ಹೇಳಿದರು, ಆಮೇಲೆ “ಅವಳು ಬರಲ್ಲ ಬಿಡು,” ಎಂದು ಸುಮ್ಮನಾದರು. ನೀವು ಬಂದರೆ ಅವರಿಗೆ ಆನೆಬಲ ಬರುತ್ತದೆ.

ಅವರು ಈಗ ಹಾಡುತ್ತಿರುವುದನ್ನು ನೀವು ಕೇಳಬೇಕು, ಚಿಕ್ಕಮ್ಮ. ಇಷ್ಟು ಸ್ವತಂತ್ರವಾಗಿ ಅವರು ಎಂದೂ ಹಾಡಿಲ್ಲ ಎಂದು ಪಿಯಾನೋದ ತಾತನೇ ಹೇಳುತ್ತಾರೆ. ಹೇಳುವಾಗ ಮಾತ್ರ ಅವರ ಮುಖ ಯಾಕೋ ಸಣ್ಣದಾಗಿರುತ್ತದೆ. ಚರಣದ ನಡುವೆ ಮೇಡಂ ಇದ್ದಕ್ಕಿದ್ದಂತೆ ಮಾತನ್ನು ಕೈಬಿಡುತ್ತಾರೆ, ಕಣ್ಣು ಒಂದು ಕ್ಷಣ ಅಗಲವಾಗುತ್ತದೆ, ಎಡಗೈ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುತ್ತದೆ, ಆಮೇಲೆ ಸದ್ದು ಹೊರಡುತ್ತದೆ. ನಾವೆಲ್ಲ ಅದನ್ನೇ ಅಭ್ಯಾಸ ಮಾಡುತ್ತಿದ್ದೇವೆ. ಕಣ್ಣು ಅಗಲಿಸುವುದು, ಎಡಗೈ ಎತ್ತುವುದು, ಎಲ್ಲ ಹಾಗೆಯೇ. ಮೊನ್ನೆ ಕಾರ್ಯಕ್ರಮದಲ್ಲಿ ನಾನು ಹಾಗೆ ಹಾಡಿದಾಗ ತುಂಬಾ ಚಪ್ಪಾಳೆ ಬಂತು. ಮೇಡಂ ಮೊದಲ ಸಾಲಿನಲ್ಲಿದ್ದರು. ಎದ್ದು ಹೊರಗೆ ಹೋಗಿಬಿಟ್ಟರು. ನನ್ನ ಹಾಡು ಇಷ್ಟವಾಗಲಿಲ್ಲವೇನೋ ಎಂದು ಹೋಗಿ ನೋಡಿದರೆ ಓಣಿಯಲ್ಲಿ ನಿಂತಿದ್ದರು. “ಪೀಪಿ, ನಮ್ಮನೆ ಯಾವ ಕಡೆ?” ಎಂದರು. ನಾನು ನಕ್ಕೆ. ಅವರೂ ನಕ್ಕರು. ಕಲಾವಿದರ ಮನಸ್ಸು ಹಾಗೆಯೇ ಅಲ್ಲವೇ, ಎಲ್ಲೋ ಇರುತ್ತದೆ.

ದಯವಿಟ್ಟು ಬನ್ನಿ. ನಾನು ಬರೆದದ್ದು ಅವರಿಗೆ ತಿಳಿಯುವುದು ಬೇಡ.

ನಿಮ್ಮ ವಿಧೇಯ,
ಪೀಪಿ


ಏಪ್ರಿಲ್ 30

ಚೂಟಿ,

ನಿನ್ನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯದಿದ್ದದ್ದು ಕೋಪದಿಂದಲ್ಲ. ಬರೆದಿದ್ದೇನೋ ಇಲ್ಲವೋ ಎಂಬುದೇ ಖಾತ್ರಿಯಿರಲಿಲ್ಲ.

ನನಗೆ ಹೆದರಿಕೆಯಾಗಿದೆ. ಬೆಳಿಗ್ಗೆ ಎದ್ದ ತಕ್ಷಣ ಇವತ್ತು ಏನು ಹೋಗಿದೆ ಎಂದು ಹುಡುಕುತ್ತೇನೆ, ಕಳ್ಳ ಬಂದು ಹೋದ ಮನೆಯಲ್ಲಿ ಪಾತ್ರೆ ಎಣಿಸಿದಂತೆ.

ಗಂಟಲಿಗೆ ಏನೂ ಆಗಿಲ್ಲ. ಯಾವ ಡಾಕ್ಟರೂ ಮಾತಾಡಬೇಡಿ ಎಂದಿಲ್ಲ. ಅದು ನಾನೇ ಕಟ್ಟಿದ ಕಥೆ. ಹಾಡುವವಳ ಗಂಟಲು ಕೆಟ್ಟರೆ ಜನ ಪಾಪ ಎನ್ನುತ್ತಾರೆ, ತಲೆ ಕೆಟ್ಟರೆ ದೂರ ಸರಿಯುತ್ತಾರೆ. ಕುತ್ತಿಗೆಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು ಕೈಸನ್ನೆ ಮಾಡುತ್ತಾ ತಿರುಗಿದೆ. ಮಾತಾಡಿದರೆ ತಾನೇ ಮಾತು ತಪ್ಪುವುದು? ಒಂದು ತಿಂಗಳು ಯಾರಿಗೂ ಸಿಕ್ಕಿಬೀಳಲಿಲ್ಲ.

ಈ ತಿಂಗಳು ನಿಜವಾದ ಡಾಕ್ಟರ ಹತ್ತಿರ ಹೋದೆ. ಐದು ಪದ ಹೇಳಿ, ಅದೂ ಇದೂ ಮಾತಾಡಿಸಿ, ಆಮೇಲೆ ಆ ಐದೂ ಪದ ಹೇಳಿ ಎಂದರು. ನಾನೇನು ಕಡಿಮೆಯೇ, ಐದನ್ನೂ ಒಂದು ರಾಗಕ್ಕೆ ಹಾಕಿ ಒಳಗೊಳಗೇ ಗುನುಗುತ್ತಿದ್ದೆ. ರಾಗ ಪೂರ್ತಿ ಉಳಿಯಿತು, ಪದ ಎರಡೇ ಉಳಿದವು. ಡಾಕ್ಟರು ಪೆನ್ನು ಕೆಳಗಿಟ್ಟು, “ಶುರುವಾಗಿದೆ,” ಎಂದರು. ಮಳೆ ಶುರುವಾಗಿದೆ ಎನ್ನುವ ಹಾಗೆ ಹೇಳಿದರು. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದರು. ಅಮ್ಮನಿಗೆ ಎಂದೆ. “ನಿಮ್ಮ ಒಡಹುಟ್ಟಿದವರು?” ಎಂದರು. ಒಬ್ಬಳು ತಂಗಿ, ಚೂಟಿ, ಹೆಸರಿಗೆ ತಕ್ಕ ಹಾಗೆ ಇದ್ದಾಳೆ ಎಂದೆ.

ನನಗೆ ಬೇಕಾಗಿರುವುದು ಒಂದೇ. ಆ ಹಾಡನ್ನು ಒಂದು ಸಲ, ಮೂರೂ ಚರಣ, ಎಲ್ಲ ಮಾತುಗಳನ್ನೂ ಸೇರಿಸಿ ಹಾಡಿ ಇಟ್ಟು ಹೋಗಬೇಕು. ಯಜಮಾನರಿಗೆ ಬೇಕಾಗಿರುವುದು ಆ ಸದ್ದು. ಆವತ್ತು ಆ ನೆಲಮಾಳಿಗೆಯಲ್ಲಿ ನಾನು ಮುಳುಗುತ್ತಾ ಕೈ ಬಡಿಯುತ್ತಿದ್ದೆ, ಈಜುತ್ತಿದ್ದಾಳೆ ಎಂದು ಜನ ಚಪ್ಪಾಳೆ ತಟ್ಟಿದರು. ರೆಕಾರ್ಡಿನಲ್ಲಿ ಅದೇ ಉಳಿದರೆ ಗತಿಯೇನು? ಪೀಪಿ ಮೊನ್ನೆ ಕಣ್ಣು ಅಗಲಿಸಿ, ಎಡಗೈ ಎತ್ತಿ, ನನ್ನ ಹಾಗೆಯೇ ಹಾಡಿದಳು. ನನ್ನ ಕಾಯಿಲೆಯನ್ನು ಆ ಮಗು ಪಾಠವೆಂದು ಕಲಿತಿದ್ದಾಳೆ. ನಾನು ಹೋದ ಮೇಲೂ ಅದನ್ನೇ ಹಾಡುತ್ತಿರುತ್ತಾರೆ, ಚೂಟಿ.

ಕಾಗದ ನೋಡಿ ಹಾಡು ಎನ್ನುತ್ತೀಯ. ಪ್ರಯತ್ನಿಸಿದೆ. ತಲೆ ತಗ್ಗಿಸಿದರೆ ದನಿ ಮುದುಡುತ್ತದೆ, ತಲೆ ಎತ್ತಿದರೆ ಯಾವ ಸಾಲಿನಲ್ಲಿದ್ದೆ ಎಂಬುದು ಹೋಗುತ್ತದೆ. ಏನು ಮಾಡಲಿ ಹೇಳು. ಯಾರಿಗೂ ಹೇಳಬೇಡ.

ಅಕ್ಕ


ಮೇ 12

ಅಕ್ಕ,

ಬರುತ್ತೇನೆ.

ಹೆದರಬೇಡ ಎಂದು ಬರೆಯಲಾರೆ. ಅಮ್ಮನನ್ನು ಕೊನೆಯ ತನಕ ನೋಡಿದವಳು ನಾನು, ಆ ಸುಳ್ಳು ನನ್ನ ಬಾಯಲ್ಲಿ ಬರುವುದಿಲ್ಲ. ಒಬ್ಬಳೇ ಹೆದರಬೇಡ ಎಂದು ಮಾತ್ರ ಹೇಳುತ್ತೇನೆ.

ನಿನ್ನ ಕಷ್ಟಕ್ಕೆ ನನ್ನ ಅಂಗಡಿಯಲ್ಲೇ ಮದ್ದಿದೆ. ಕೋಣೆಯ ಆ ತುದಿಯಿಂದ ಅಕ್ಷರ ಓದಿಸುವುದೇ ನನ್ನ ಕಸುಬು. ಮೂರು ಚರಣಕ್ಕೆ ಮೂರು ಬಿಳಿ ಹಲಗೆ, ಅಂಗೈ ಅಗಲದ ಕಪ್ಪು ಅಕ್ಷರ. ಒಂದೊಂದು ಹಲಗೆಯಲ್ಲಿ ಒಂದು ಚರಣ ಮಾತ್ರ ಇದ್ದರೆ ಸಾಲು ತಪ್ಪುವ ಪ್ರಶ್ನೆಯಿಲ್ಲ. ನಿನ್ನ ಹಳೆಯ ರೆಕಾರ್ಡು ಹಾಕಿಕೊಂಡು ಮಾತು ಬರೆದುಕೊಳ್ಳುತ್ತಿದ್ದೇನೆ. ಸ್ಟುಡಿಯೋದಲ್ಲಿ ಗಾಜಿನ ಗೋಡೆ ಇರುತ್ತದೆ ಎಂದಿದ್ದೆಯಲ್ಲ ಹಿಂದೊಮ್ಮೆ. ಬಾರಿಸುವವರು ಗಾಜಿಗೆ ಬೆನ್ನು ಮಾಡಿ ನಿನ್ನ ಕಡೆ ನೋಡುತ್ತಿರುತ್ತಾರೆ, ನಾನು ಗಾಜಿನ ಆಚೆ ಹಲಗೆ ಹಿಡಿದು ನಿಲ್ಲುತ್ತೇನೆ. ನಿನಗೆ ಬಿಟ್ಟು ಇನ್ನಾರಿಗೂ ಕಾಣುವುದಿಲ್ಲ. ಯಜಮಾನರು ಕೇಳಿದರೆ ನಿನ್ನ ಕಣ್ಣು ಮಂಜಾಗಿದೆ ಎಂದು ನಾನೇ ಹೇಳುತ್ತೇನೆ. ಕನ್ನಡಕದ ಅಂಗಡಿಯವಳು ಹೇಳಿದರೆ ನಂಬದೆ ಇರುತ್ತಾರೆಯೇ? ಗಂಟಲಾಯಿತು, ಈಗ ಕಣ್ಣು. ನಿನ್ನ ಮೈಯಲ್ಲಿ ಇನ್ನು ಯಾವ ಭಾಗ ಉಳಿದಿದೆಯೋ ನೋಡಿಕೋ.

ಮೊದಲ ಹಲಗೆ ಒಣಗಿದೆ. ಎರಡನೆಯದನ್ನು ಇವತ್ತು ಬೆಳಿಗ್ಗೆ ಮುಗಿಸಿದೆ.

ಮೇ 21

ಈ ಪತ್ರ ಮೇಜಿನ ಡ್ರಾಯರಿನಲ್ಲೇ ಉಳಿದಿತ್ತು. ಅಂಚೆಗೆ ಹಾಕಿದ್ದೇನೆಂದು ತಿಳಿದು ನಿನ್ನ ಉತ್ತರ ಯಾಕೆ ಬರಲಿಲ್ಲ ಎಂದು ಬೈದುಕೊಳ್ಳುತ್ತಿದ್ದೆ. ಕೆಲಸ ಜಾಸ್ತಿ, ತಲೆ ನಿಲ್ಲುತ್ತಿಲ್ಲ. ಎರಡನೇ ಹಲಗೆ ಇವತ್ತು ಮುಗಿಯಿತು. ಮೂರನೆಯದಕ್ಕೆ ಬಣ್ಣ ತರಬೇಕು.

ಹದಿಮೂರಕ್ಕೆ ಬೆಳಿಗ್ಗೆ ಅಲ್ಲಿರುತ್ತೇನೆ.

ಚೂಟಿ


ಜೂನ್ 16

ಚೂಟಿ,

ನಿಲ್ಲದೆ ನೀನು ಸಂಜೆಯ ರೈಲು ಹತ್ತಿಬಿಟ್ಟೆ. ಪೀಪಿ ಸ್ಟೇಷನ್ನಿನವರೆಗೆ ಓಡಿಬಂದಳಂತೆ. ಸ್ಟುಡಿಯೋದಲ್ಲಿ ಆದದ್ದನ್ನೆಲ್ಲ ಬರೆದಿಡುತ್ತೇನೆ, ನಿನಗೂ ಬೇಕು, ನನಗೂ ಬೇಕು.

ಆ ಕೋಣೆಯಲ್ಲಿ ನೆಲಕ್ಕೆ ಕಂದು ಕಂಬಳಿ, ಗೋಡೆಗೆ ತೂತು ತೂತಿನ ಹಲಗೆ. ಪಿಯಾನೋದ ಮುದುಕ ಎಡಕ್ಕೆ, ಡ್ರಮ್ಮಿನವನು ಬಲಕ್ಕೆ, ಎಲ್ಲರೂ ನನ್ನ ಕಡೆ ಮುಖ ಮಾಡಿ. ಗಾಜಿನಾಚೆ ನೀನು, ನೀಲಿ ಕೋಟಿನಲ್ಲಿ, ಗಿರಾಕಿಯ ಕಣ್ಣು ಪರೀಕ್ಷೆ ಮಾಡುವ ಅದೇ ಗಂಟುಮುಖ. ನಿನ್ನ ಮುಖ ನೋಡಿ ಅರ್ಧ ಹೆದರಿಕೆ ಹೋಯಿತು. ಮುದುಕ ತಾಳ ಎಣಿಸಿ ಶುರು ಮಾಡಿದ.

ಮೊದಲ ಹಲಗೆ. ‘ಬೀದಿಯ ದೀಪ ಆರಿಸಬೇಡಿ, ಒಬ್ಬರು ಬರುವುದಿದೆ.’ ಎಂಥ ಅಕ್ಷರ ಚೂಟಿ, ಕುರುಡರೂ ಓದಬೇಕು. ಎರಡನೆಯದು. ‘ಕದವ ತೆರೆದೇ ಇಟ್ಟಿರುವೆನು, ಗಾಳಿಗೆ ಅದು ಗೊತ್ತಿದೆ.’ ಆ ಕ್ಲಬ್ಬಿನಲ್ಲಿ ನಾನು ಕಾಲು ಜಾರಿದ್ದು ಇದೇ ಸಾಲಿನಲ್ಲಿ. ದಾಟಿದೆ. ನಡುವೆ ಮುದುಕನ ಪಿಯಾನೋ ಒಂದು ಸುತ್ತು ಬಂತು. ನಾನು ಉಸಿರು ತುಂಬಿಕೊಂಡು ನಿಂತೆ. ಇನ್ನೊಂದೇ ಚರಣ, ಇನ್ನೊಂದೇ.

ನೀನು ಮೂರನೇ ಹಲಗೆ ಎತ್ತಿದೆ. ‘ಕದವ ತೆರೆದೇ ಇಟ್ಟಿರುವೆನು.’

ನೀನು ಮೊದಲು ನನ್ನನ್ನೇ ನೋಡುತ್ತಿದ್ದೆ. ನನ್ನ ಕಣ್ಣು ಹೋದ ರೀತಿ ಕಂಡು ಹಲಗೆಯನ್ನು ನಿನ್ನ ಕಡೆ ತಿರುಗಿಸಿಕೊಂಡೆ. ಓದಿದೆ. ಕೆಳಗಿಟ್ಟ ಹಲಗೆಯನ್ನು ಎತ್ತಿ ಓದಿದೆ. ಎರಡೂ ಒಂದೇ. ಆಮೇಲೆ ನೀನು ತಲೆಯೆತ್ತಿದೆ ನೋಡು, ಆ ಮುಖ ನನಗೆ ಚೆನ್ನಾಗಿ ಗೊತ್ತು. ಕಣ್ಣು ಅಗಲ, ಎಡಗೈ ಗಾಳಿಯಲ್ಲಿ. ಅದು ನನ್ನ ಮುಖ. ಸಿಕ್ಕಿಬಿದ್ದೆನೋ ಇಲ್ಲವೋ ಎಂದು ನನ್ನನ್ನೇ ನೋಡುತ್ತಿದ್ದೆ ನೀನು.

ಆ ಗಳಿಗೆಯಲ್ಲಿ ನನ್ನ ಹಾಡಿನ ಹೆದರಿಕೆಯೆಲ್ಲ ಬಿದ್ದುಹೋಯಿತು, ಚೂಟಿ. ಅದಕ್ಕಿಂತ ದೊಡ್ಡ ಹೆದರಿಕೆ ಎದುರಿಗೆ ನಿಂತಿತ್ತು. ನಿನಗೆ ಏನಾದರೂ ಹೇಳಬೇಕು, ಗಾಜಿನಾಚೆ ಇದ್ದೀಯ, ಹೇಗೆ ಹೇಳಲಿ? ಬಾಯಿ ತೆರೆದೆ. ಮಾತು ಬಂತು. ರಾಗ ಎಳೆದುಕೊಂಡು ಬಂದದ್ದಲ್ಲ, ಮಕ್ಕಳಿಗೆ ಹಿಂದೆ ಕಲಿಸುತ್ತಿದ್ದೆನಲ್ಲ, ಎದುರಿಗಿರುವವರಿಗೆ ಹೇಳಿದಂತೆ, ಹಾಗೆ ಬಂತು.

‘ಬಂದವರು ನನ್ನ ಮರೆತಿದ್ದರೆ, ಮುಖಕೆ ಬೆಳಕು ಹಿಡಿಯಿರಿ.’

ಪೂರ್ತಿ ಹಾಡಿದೆ. ಒಂದು ಮಾತೂ ಬಿಡಲಿಲ್ಲ. ಮುಗಿದಾಗ ಡ್ರಮ್ಮಿನವನು ಕೋಲು ಕೆಳಗಿಡುವುದನ್ನೂ ಮರೆತು ಕೂತಿದ್ದ. ಯಜಮಾನರು ಒಳಗೆ ಬಂದು, “ಆ ದೂ ಬ ದೂ ಬ ಬರಲೇ ಇಲ್ಲವಲ್ಲ, ಇನ್ನೊಂದು ಸಲ ಮಾಡೋಣ್ವಾ?” ಎಂದರು. ಮುದುಕ ಪಿಯಾನೋದ ಮುಚ್ಚಳ ಮುಚ್ಚಿಬಿಟ್ಟ. “ಮುಗೀತು,” ಎಂದ. ಅವನಿಗೆ ಎಷ್ಟು ದಿನದಿಂದ ಗೊತ್ತಿತ್ತೋ! ಹಾಡು ಉಳಿಯಿತು, ಚೂಟಿ. ನನಗೆ ಬೇಕಾದದ್ದು ಸಿಕ್ಕಿತು.

ನಾನು ಹೊರಗೆ ಬರುವಾಗ ನೀನು ಹಲಗೆಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತುತ್ತಿದ್ದೆ. “ಗಡಿಬಿಡೀಲಿ ಆಯ್ತು,” ಎಂದು ಹೇಳಿ ಹೊರಟುಹೋದೆ. ಇರಬಹುದು. ಗಡಿಬಿಡಿಯಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ. ಆದರೆ ಇದು ಎಲ್ಲರ ಮನೆಯ ತಪ್ಪೋ ನಮ್ಮ ಮನೆಯ ತಪ್ಪೋ ಎಂದು ಕೂತು ನೋಡುತ್ತಿದ್ದರೆ ಒಂದು ವರ್ಷ ನಗುವುದರಲ್ಲೇ ಹೋಗುತ್ತದೆ. ನನಗೆ ಸುಳ್ಳು ಹೇಳಬೇಡ ಎಂದು ನೀನೇ ಬರೆದಿದ್ದೆ. ಆ ಪತ್ರ ಕನ್ನಡಿಯ ಪಕ್ಕ ಅಂಟಿಸಿದ್ದೇನೆ.

ಪಾಠದ ಕೋಣೆಯಲ್ಲಿ ಹಳೆಯ ಕಟ್ಟಳೆ ವಾಪಸ್ ಬಂದಿದೆ. ಮೊದಲು ಮಾತು, ಆಮೇಲೆ ರಾಗ. ಯಾಕೆಂದು ಮಕ್ಕಳಿಗೆ ಹೇಳಿದೆ, ಎಲ್ಲವನ್ನೂ ಹೇಳಿದೆ. ಪೀಪಿ ತುಂಬಾ ಅತ್ತಳು. ಈಗ ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡು ಹಾಡುತ್ತಾಳೆ.

ಉತ್ತರ ಬರೆ. ಬರೆದು ಅಂಚೆಗೆ ಹಾಕು.

ನಿನ್ನ,
ಅಕ್ಕ


ಜುಲೈ 3

ಅಕ್ಕ,

ಗಡಿಬಿಡಿಯಲ್ಲಿ ಆಯಿತು ಎಂದೇ ಬರೆಯಲು ಕೂತಿದ್ದೆ. ವಾದವನ್ನೂ ಸಿದ್ಧ ಮಾಡಿಕೊಂಡಿದ್ದೆ. ಎರಡನೇ ಹಲಗೆಯ ಬಣ್ಣ ಹರಡಿದ್ದರಿಂದ ಇನ್ನೊಂದು ಬರೆದಿರಬೇಕು, ಹೊರಡುವಾಗ ಎರಡೂ ಸೇರಿಬಿಟ್ಟಿರಬೇಕು, ಮೂರನೆಯದು ಅಂಗಡಿಯಲ್ಲೇ ಉಳಿದಿರಬೇಕು. ಅದನ್ನು ಹುಡುಕಿ ತೆಗೆದು ನಿನಗೆ ಬರೆದರೆ ನಿನ್ನ ಬಾಯಿ ಮುಚ್ಚುತ್ತದೆ ಎಂದುಕೊಂಡೆ.

ಗಾಜು ಉಜ್ಜುವ ಯಂತ್ರದ ಹಿಂದೆ, ಗೋಡೆಗೆ ಮುಖ ಮಾಡಿ ಒಂದು ಬಿಳಿ ಹಲಗೆ ನಿಂತಿತ್ತು. ಹೋದ ಜೀವ ಬಂದಂತಾಯಿತು. ನಗುತ್ತಲೇ ತಿರುಗಿಸಿದೆ.

ಅದೂ ಎರಡನೇ ಚರಣ.

ಸ್ಟೂಲಿನ ಮೇಲೆ ಕೂತೆ. ಗಿರಾಕಿಯೊಬ್ಬರು ಬಾಗಿಲು ತೆರೆದು, “ಅಂಗಡಿ ಇದೆಯಾ?” ಎಂದರು. ಇಲ್ಲ ಎಂದೆ. ಎರಡನೇ ಚರಣದ ಆ ಮೂರೂ ಹಲಗೆಯ ಅಕ್ಷರ ಚೆನ್ನಾಗಿದೆ ಅಕ್ಕ, ಒಂದಕ್ಕಿಂತ ಒಂದು ನೀಟು. ಯಾವುದನ್ನು ಯಾವಾಗ ಬರೆದೆನೋ ಒಂದೂ ನೆನಪಿಲ್ಲ. ಆವತ್ತು ಒಬ್ಬಳೇ ಹೆದರಬೇಡ ಎಂದು ನಿನಗೆ ದೊಡ್ಡದಾಗಿ ಬರೆದಿದ್ದೆ. ಈಗ ನೋಡಿದರೆ ಜೊತೆ ಕೊಡಲು ನಾನೂ ಹೊರಟಿದ್ದೇನೆ.

ನಿನ್ನ ಡಾಕ್ಟರ ಹತ್ತಿರ ನನ್ನನ್ನು ಕರೆದುಕೊಂಡು ಹೋಗು. ಆ ಐದು ಪದ ಯಾವುವೆಂದು ಮೊದಲೇ ಹೇಳಿಕೊಡಬೇಡ, ಬಾಯಿಪಾಠ ಮಾಡಿ ಒಪ್ಪಿಸುವವರನ್ನು ಕಂಡರೆ ನನಗಾಗುವುದಿಲ್ಲ.

ಶುಕ್ರವಾರ ಮಧ್ಯಾಹ್ನದ ರೈಲಿಗೆ ಬರುತ್ತೇನೆ. ಸ್ಟೇಷನ್ನಿನಲ್ಲಿ ಇಳಿದು ಯಾವ ಕಡೆ ತಿರುಗಬೇಕೆಂದು ನನಗೆ ಗೊತ್ತು. ಆದರೂ ನೀನು ಬಂದು ನಿಲ್ಲು. ಬರಬೇಕೆಂಬುದು ನಿನಗೆ ನೆನಪಿರಲಿ ಎಂದು ಪೀಪಿಗೂ ಒಂದು ಸಾಲು ಬರೆದಿದ್ದೇನೆ. ಗುಂಪಿನಲ್ಲಿ ನಾನು ಕಾಣದಿದ್ದರೆ, ಅಥವಾ ಕಂಡರೂ ಸುಮ್ಮನೆ ನಿಂತಿದ್ದರೆ, ಹೆಸರು ಹಿಡಿದು ಕೂಗು. ಜನ ನೋಡುತ್ತಾರೆಂದು ನಾಚಿಕೊಳ್ಳಬೇಡ, ಜೋರಾಗಿ ಕೂಗು. ನಿನ್ನ ಗಂಟಲಿಗೇನೂ ಆಗಿಲ್ಲವಲ್ಲ.

ನಿನ್ನ,
ಚೂಟಿ